ಗಂಗಾವತಿಯ ಗೆಳೆಯರು ಟ್ರೌಟ್ ಹೊಳೆಗೆ ಹೋಗುವ ಮುನ್ನ

ಪ್ರಶ್ನೆ: ನಾವು ಗಂಗಾವತಿಯ ನಾಲ್ವರು ಗೆಳೆಯರು. ಚಿಕ್ಕಂದಿನಿಂದ ಎಡದಂಡೆ ಕಾಲುವೆಯಲ್ಲಿ, ಹೊಳೆಯಲ್ಲಿ ಎರೆಹುಳ ಕಟ್ಟಿ ಗಾಳ ಹಾಕಿದವರು. ನಮ್ಮಲ್ಲೊಬ್ಬ ಈಗ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ. ಬರುವ ಸೆಪ್ಟೆಂಬರ್‌ನಲ್ಲಿ ಉಳಿದ ಮೂವರು ಅವನ ಹತ್ತಿರ ಹೋಗುತ್ತಿದ್ದೇವೆ. ಮೊಂಟಾನಾದ ಬಿಗ್‌ಹಾರ್ನ್ ನದಿಯಲ್ಲಿ ಗೈಡ್ ಜೊತೆ ದೋಣಿಯಲ್ಲಿ ತೇಲುತ್ತ ಟ್ರೌಟ್ ಅನ್ನೋ ತಣ್ಣೀರಿನ ಮೀನು ಹಿಡಿಯುವ ಒಂದು ದಿನದ ಟ್ರಿಪ್ ಬುಕ್ ಮಾಡುತ್ತೇನೆ ಅಂತಿದ್ದಾನೆ. ನಾವ್ಯಾರೂ ಫ್ಲೈ ರಾಡ್ ಮುಟ್ಟಿದವರಲ್ಲ. ಅಷ್ಟು ದುಡ್ಡು ಹಾಕೋದು ಸರೀನಾ? ಏನು ಕಲಿತು ಹೋಗಬೇಕು? ಇನ್ನೊಂದು ಮಾತು: ನಮ್ಮ ಟಿ.ಬಿ. (ತುಂಗಭದ್ರಾ) ಡ್ಯಾಮಿನ ಕೆಳಗೂ ಟ್ರೌಟ್ ಬಿಟ್ಟು, ಹರಿಗೋಲಿನಲ್ಲಿ ಇದನ್ನೇ ಮಾಡಬಹುದಲ್ವಾ?

ಉತ್ತರ: ಹೋಗಿ. ಅದರಲ್ಲಿ ಎರಡನೇ ಮಾತಿಲ್ಲ. ಆದರೆ ಹೋಗುವ ಮೊದಲು ಒಂದು ತಿಂಗಳು ಮನೆ ಹತ್ತಿರ ಅಭ್ಯಾಸ ಮಾಡಿ ಹೋಗಿ. ಮಾಡದೇ ಹೋದರೆ ಅರ್ಧ ದಿನ ದಾರದ ಗಂಟು ಬಿಡಿಸೋದರಲ್ಲೇ ಕಳೆಯುತ್ತದೆ, ಮತ್ತು ಆ ದಿನಕ್ಕೆ ನೀವು ಕೊಡುವ ದುಡ್ಡು ಸಣ್ಣದಲ್ಲ.

ಎರೆಹುಳಕ್ಕೆ ವಾಸನೆ ಇದೆ, ರುಚಿ ಇದೆ. ದಂಡೆಯಲ್ಲಿ ಕೂತು ಬೆಂಡು ಬಿಟ್ಟರೆ ಸಾಕು, ಅರ್ಧ ಕೆಲಸ ಹುಳವೇ ಮಾಡುತ್ತದೆ. ಮೀನು ಹುಡುಕಿಕೊಂಡು ಬರುತ್ತದೆ. ಫ್ಲೈಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಕೊಕ್ಕೆಗೆ ದಾರ, ಗರಿ, ಪ್ರಾಣಿಯ ಕೂದಲು ಸುತ್ತಿ ಮಾಡಿದ ಹುಳದ ವೇಷ ಅದು. ನಿಜವಾದ ಹುಳ ನೀರಿನಲ್ಲಿ ಹೇಗೆ ತೇಲಿ ಬರುತ್ತದೋ ಹಾಗೇ ಬಂದರೆ ಮಾತ್ರ ಟ್ರೌಟ್ ಬಾಯಿ ಹಾಕುತ್ತದೆ. ದಾರ ಸ್ವಲ್ಪ ಎಳೆದು ಫ್ಲೈ ಸೆಳವಿಗಿಂತ ಬೇಗ ಓಡಿತು ಅಂದ್ರೆ ಮುಗೀತು, ಮೀನು ನೋಡಿಯೂ ಬಿಟ್ಟುಬಿಡುತ್ತದೆ. ದೋಣಿ, ಗೈಡ್, ಒಂಬತ್ತು ಅಡಿ ರಾಡ್, ಇಡೀ ದಿನದ ಏರ್ಪಾಡು ಇರೋದು ಈ ಒಂದು ಕೆಲಸಕ್ಕೆ. ಫ್ಲೈ ಸೆಳವಿನ ವೇಗದಲ್ಲೇ ಸಾಗಬೇಕು. ದಂಡೆಯಲ್ಲಿ ನಿಂತವನಿಗೆ ಅದು ನಾಲ್ಕೈದು ಮೀಟರ್ ಸಿಕ್ಕರೆ ಹೆಚ್ಚು. ದೋಣಿಯೂ ಸೆಳವಿನ ಜೊತೆಗೇ ಹೋಗುವುದರಿಂದ, ಒಮ್ಮೆ ಹಾಕಿದ ಫ್ಲೈ ಎಷ್ಟೋ ದೂರ ಹಾಗೇ ಸಾಗುತ್ತದೆ. ತೇಲುವ ಟ್ರಿಪ್ಪಿನ ಲಾಭ ಅದೇ.

ನಿಮ್ಮ ಗೆಳೆಯ ಆರಿಸಿದ ಹೊಳೆಯೂ ಹೊಸಬರಿಗೆ ಒಳ್ಳೆಯದು. ಬಿಗ್‌ಹಾರ್ನ್ ಅಗಲವಾಗಿ, ಒಂದೇ ಸಮನೆ ಹರಿಯುವ ಹೊಳೆ. ಫೋರ್ಟ್ ಸ್ಮಿತ್ ಅನ್ನೋ ಸಣ್ಣ ಊರಿನ ಪಕ್ಕ ಯೆಲ್ಲೋಟೇಲ್ ಡ್ಯಾಮ್ ಇದೆ. 1960ರ ದಶಕದಲ್ಲಿ ಕಟ್ಟಿದ್ದು, ಎತ್ತರ ಸುಮಾರು 160 ಮೀಟರ್. ಅದರ ಕೆಳಗೆ ಆಫ್ಟರ್‌ಬೇ ಅಂತ ಇನ್ನೊಂದು ಸಣ್ಣ ಅಣೆಕಟ್ಟು. ಅಲ್ಲಿಂದ 13 ಮೈಲಿ, ಅಂದರೆ 21 ಕಿಲೋಮೀಟರ್ ಕೆಳಗಿನವರೆಗೆ ಜನ ಹೆಚ್ಚಾಗಿ ತೇಲೋದು. ಡ್ಯಾಮ್ ಕಟ್ಟುವ ಮುಂಚೆ ಇದು ಟ್ರೌಟ್ ಹೊಳೆ ಆಗಿರಲಿಲ್ಲ. ಬೇಸಿಗೆಯಲ್ಲಿ ಬಿಸಿಯಾಗುವ, ಕೆಸರು ತುಂಬಿದ ನೀರು, ಅದರಲ್ಲಿ ಕ್ಯಾಟ್‌ಫಿಶ್ ಥರದ ಮೀನು. ಡ್ಯಾಮ್ ಬಂದ ಮೇಲೆ ಕೆಸರು ಜಲಾಶಯದಲ್ಲೇ ಕೂತಿತು. ಕೆಳಗೆ ಬಂದದ್ದು ಆಳದ ತಣ್ಣನೆ, ತಿಳಿನೀರು. ಟ್ರೌಟ್ ಅಲ್ಲಿ ಮನೆ ಮಾಡಿತು.

ಇದನ್ನು ಓದಿದ ಕೂಡಲೇ ನಿಮ್ಮ ಮೂರನೇ ಪ್ರಶ್ನೆ ಇನ್ನೂ ಜೋರಾಗುತ್ತದೆ. ಅವರ ಡ್ಯಾಮ್ ಮಾಡಿದ್ದನ್ನು ನಮ್ಮ ಡ್ಯಾಮ್ ಯಾಕೆ ಮಾಡಬಾರದು? ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಚಳಿಗಾಲದಲ್ಲಿದೆ.

ನೀರು ಅತಿ ಭಾರವಾಗೋದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೊಂಟಾನಾದಲ್ಲಿ ಚಳಿಗಾಲ ಅಂದರೆ ಹಿಮ. ಜಲಾಶಯದ ಮೇಲಿನ ನೀರು ತಣ್ಣಗಾಗಿ, ಭಾರವಾಗಿ ತಳಕ್ಕೆ ಇಳಿಯುತ್ತದೆ. ಬೇಸಿಗೆ ಬಂದಾಗ ಬಿಸಿಯಾಗೋದು ಮೇಲಿನ ಪದರ ಮಾತ್ರ. ಆಳದಲ್ಲಿ ಚಳಿಗಾಲದ ನೀರು ಹಾಗೇ ಕೂತಿರುತ್ತದೆ. ಡ್ಯಾಮಿನಿಂದ ಹೊರಗೆ ಬರೋದು ಆ ನೀರು. ನಮ್ಮಲ್ಲಿ ಡಿಸೆಂಬರ್ ಬೆಳಗ್ಗೆ ಮುನಿರಾಬಾದ್‌ನಲ್ಲಿ ಸ್ವೆಟರ್ ಹಾಕಿಕೊಳ್ಳುತ್ತೇವೆ ನಿಜ, ಆದರೆ ಜಲಾಶಯದ ನೀರು ಅಷ್ಟಕ್ಕೆ ತಣ್ಣಗಾಗೋದಿಲ್ಲ. ಮೇಲೆ ಇಲ್ಲದ ತಂಪು ತಳಕ್ಕೆ ಎಲ್ಲಿಂದ ಬರಬೇಕು? ಜೊತೆಗೆ ನಮ್ಮ ಡ್ಯಾಮ್ ಸುಮಾರು 49 ಮೀಟರ್ ಎತ್ತರದ್ದು, ನೀರು ಅಗಲಕ್ಕೆ ಹರಡಿ ನಿಲ್ಲುತ್ತದೆ. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಬಂದಿದೆ.

ಟ್ರೌಟ್‌ಗೆ ಹಿತವಾಗಿರೋದು 10ರಿಂದ 16 ಡಿಗ್ರಿ ನೀರು. 20 ದಾಟಿದರೆ ಅದಕ್ಕೆ ಕಷ್ಟ ಶುರು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 10 ಡಿಗ್ರಿಯಲ್ಲಿ ಲೀಟರಿಗೆ 11 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ 7.5ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿಯಿಂದ ಮೀನಿನ ಮೈಗೆ ಜಾಸ್ತಿ ಉಸಿರು ಬೇಕಾಗುತ್ತದೆ. ಮೊಂಟಾನಾದಲ್ಲೇ ಹೊಳೆ ನೀರು ಮೂರು ದಿನ ಸತತವಾಗಿ 23 ಡಿಗ್ರಿ ಮುಟ್ಟಿದರೆ ಮಧ್ಯಾಹ್ನ 2ರಿಂದ ನಡುರಾತ್ರಿವರೆಗೆ ಟ್ರೌಟ್ ಹಿಡಿಯೋದನ್ನು ನಿಲ್ಲಿಸುತ್ತಾರೆ. ನಮ್ಮ ಹೊಳೆಗೆ ಏಪ್ರಿಲ್‌ನಲ್ಲಿ ಕಾಲಿಟ್ಟವರಿಗೆ ಬೇರೆ ಹೇಳಬೇಕಾಗಿಲ್ಲ.

ಬದುಕುತ್ತದೆ ಅಂತಾಗಿದ್ದರೂ ನಾನು ಬಿಡಬೇಡಿ ಅಂತಲೇ ಹೇಳುತ್ತಿದ್ದೆ. ಬ್ರೌನ್ ಟ್ರೌಟ್ ಯೂರೋಪಿನದು, ರೇನ್‌ಬೋ ಟ್ರೌಟ್ ಪೆಸಿಫಿಕ್ ಕಡೆಯದು. ಜಗತ್ತಿನಲ್ಲಿ ಅತಿ ಹೆಚ್ಚು ಹಾನಿ ಮಾಡಿದ 100 ಹೊರಗಿನ ಜೀವಿಗಳ ಪಟ್ಟಿಯಲ್ಲಿ ಎರಡೂ ಇವೆ. ಮೊಂಟಾನಾದ ಎಷ್ಟೋ ಹೊಳೆಗಳಲ್ಲಿ ಅಲ್ಲಿನದೇ ಆದ ಕಟ್‌ಥ್ರೋಟ್ ಟ್ರೌಟ್ ಇವುಗಳ ಕಾಟಕ್ಕೆ ಹಿಂದೆ ಸರಿದಿದೆ. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಕೆರೆಗಳಲ್ಲಿ ಏನು ಮಾಡಿದೆ ಅಂತ ನಮ್ಮ ಬೆಸ್ತರನ್ನು ಕೇಳಿ ನೋಡಿ.

ಈಗ ಆ ದಿನದ ವಿಚಾರಕ್ಕೆ ಬರೋಣ. ಡ್ರಿಫ್ಟ್ ಬೋಟ್ ತಳ ಚಪ್ಪಟೆ, ಎರಡೂ ತುದಿ ಮೇಲಕ್ಕೆ ಎದ್ದ ದೋಣಿ. ಗೈಡ್ ನಡುವೆ, ಹೊಳೆ ಹೋಗುವ ದಿಕ್ಕಿಗೆ ಮುಖ ಮಾಡಿ ಕೂರುತ್ತಾನೆ. ಅವನು ಹುಟ್ಟು ಹಾಕೋದು ಮುಂದೆ ಹೋಗಲಿಕ್ಕಲ್ಲ, ಬಹಳ ಹೊತ್ತು ಹಿಂದಕ್ಕೇ ಹಾಕುತ್ತಿರುತ್ತಾನೆ. ದೋಣಿಯನ್ನು ತಡೆದು ತಡೆದು, ಫ್ಲೈ ಸಾಗುವ ವೇಗಕ್ಕೆ ಹೊಂದಿಸುತ್ತಾನೆ. ಸ್ವಲ್ಪ ಹೊತ್ತು ಅವನ ಕೈಯನ್ನೇ ನೋಡಿ. ನಿಮ್ಮ ದಾರ ಎಳೆಯುವ ಹಂತಕ್ಕೆ ಬಂದಾಗ ಒಂದು ಹುಟ್ಟನ್ನು ಅರ್ಧ ಮಾತ್ರ ಎಳೆದು ಬಿಡುತ್ತಾನೆ, ದೋಣಿ ಒಂದಡಿ ಪಕ್ಕಕ್ಕೆ ಸರಿಯುತ್ತದೆ, ದಾರ ಮತ್ತೆ ಸಡಿಲ ಆಗುತ್ತದೆ. ನೀವು ಹಿಡಿದೆ ಅಂದುಕೊಳ್ಳುವ ಮೀನಿನಲ್ಲಿ ಅರ್ಧ ಅವನು ಹಿಡಿದದ್ದು. ಆನೆಗುಂದಿಯಲ್ಲಿ ಹರಿಗೋಲು ನಡೆಸುವವರ ಕೈ ನೋಡಿದ್ದೀರಲ್ವಾ, ಅದೇ ಬಗೆಯ ವಿದ್ಯೆ ಇದು.

ಒಂದು ದೋಣಿಗೆ ಇಬ್ಬರೇ. ಹಾಗಾಗಿ ನಿಮಗೆ ಎರಡು ದೋಣಿ, ಇಬ್ಬರು ಗೈಡ್ ಬೇಕು. ಒಬ್ಬ ಮುಂದೆ, ಒಬ್ಬ ಹಿಂದೆ. ಮುಂದಿನವನಿಗೆ ಹೊಸ ನೀರು ಮೊದಲು ಸಿಗುತ್ತದೆ, ಗೈಡ್‌ನ ಕಣ್ಣೆದುರಿಗೂ ಇರುತ್ತಾನೆ. ಅದಕ್ಕೆ ಕೈ ಪಳಗದವನು ಮುಂದೆ ಇರಲಿ, ಊಟದ ನಂತರ ಜಾಗ ಬದಲಿಸಿ. ಹಿಂದಿನವನು ಮುಂದಿನವನ ದಾರ ನೋಡಿಕೊಂಡೇ ತನ್ನದನ್ನು ಬೀಸಬೇಕು. ಇಬ್ಬರೂ ಒಂದೇ ಕಡೆಗೆ, ಒಂದೇ ಕೋನದಲ್ಲಿ ಹಾಕಿದರೆ ಸಿಕ್ಕಾಗೋದಿಲ್ಲ. ನಿಮ್ಮಲ್ಲಿ ಅವಸರದವರು ಇಬ್ಬರಿದ್ದರೆ ಅವರನ್ನು ಒಂದೇ ದೋಣಿಗೆ ಹಾಕಬೇಡಿ. ಗೆಳೆಯರ ಟ್ರಿಪ್‌ನಲ್ಲಿ ದಿನ ಕೆಡೋದು ಮೀನು ಸಿಗದ್ದಕ್ಕಲ್ಲ, ನಿನಗೆಷ್ಟು ನನಗೆಷ್ಟು ಅನ್ನೋ ಲೆಕ್ಕಕ್ಕೆ. ಒಬ್ಬನಿಗೆ ಮೀನು ಹತ್ತಿದಾಗ ಇನ್ನೊಬ್ಬ ತನ್ನ ದಾರ ಎಳೆದುಕೊಂಡು ಸುಮ್ನೆ ಕೂರಬೇಕು. ಇದನ್ನು ಇಲ್ಲೇ ಮಾತಾಡಿಕೊಂಡು ಹೋಗಿ.

ಎಸೆತ ಕಲಿಯೋದು ಹೇಗೆ? ನಮ್ಮ ಗಾಳದಲ್ಲಿ ಸೀಸದ ಭಾರ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಉಲ್ಟಾ. ಫ್ಲೈಗೆ ತೂಕವೇ ಇಲ್ಲ ಅನ್ನಬಹುದು, ತೂಕ ಇರೋದು ದಪ್ಪ ದಾರಕ್ಕೆ. ದಾರವನ್ನು ಮೊದಲು ಹಿಂದಕ್ಕೆ ಬೀಸಬೇಕು, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ಮುಂದಕ್ಕೆ ಬೀಸಿ ಥಟ್ಟನೆ ನಿಲ್ಲಿಸಬೇಕು. ಎಲ್ಲರೂ ತಪ್ಪೋದು ಆ ಕಾಯುವಲ್ಲಿ. ಎತ್ತಿಗೆ ಚಾಟಿ ಬೀಸಿದ ಹಾಗೆ ತಕ್ಷಣ ಮುಂದಕ್ಕೆ ಝಾಡಿಸಿದರೆ ಟಪ್ ಅಂತ ಸದ್ದಾಗಿ ಫ್ಲೈ ಕಿತ್ತುಹೋಗುತ್ತದೆ. ಐದು ನಂಬರಿನ, ಒಂಬತ್ತು ಅಡಿಯ ರಾಡ್ ಸೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇಲ್ಲಿರುವ ಮೂವರಿಗೆ ಒಂದು ಸಾಕು. ತುದಿಗೆ ಕೊಕ್ಕೆ ಕಟ್ಟಬೇಡಿ, ಕೆಂಪು ಉಲ್ಲನ್ ದಾರದ ಚೂರು ಕಟ್ಟಿ. ಶಾಲೆಯ ಮೈದಾನದಲ್ಲಿ ಬೆಳಗ್ಗೆ ಕಾಲು ಗಂಟೆ. ಎಂಟು ಮೀಟರ್ ದೂರದಲ್ಲಿ ಬುಟ್ಟಿ ಇಟ್ಟು ಅದರ ಹತ್ತಿರ ಬೀಳಿಸಲು ಕಲಿಯಿರಿ. ಇನ್ನೂ ದೂರ ಬೇಡ. ದೋಣಿಯಿಂದ ಅಷ್ಟೇ ಬೇಕಾಗೋದು.

ಬಿಗ್‌ಹಾರ್ನ್‌ನಲ್ಲಿ ಗೈಡ್ ನಿಮಗೆ ಕಟ್ಟಿಕೊಡೋದು ಬಹುಶಃ ನಿಂಫ್. ಅಂದರೆ ನೀರಿನೊಳಗೆ ಹೋಗುವ ಫ್ಲೈ. ಆ ಹೊಳೆಯ ತಳದ ಪಾಚಿಯಲ್ಲಿ ಸೌಬಗ್, ಸ್ಕಡ್ ಅಂತ ಸೀಗಡಿಯ ಬಳಗದ ಪುಟ್ಟ ಜೀವಿಗಳು ತುಂಬಿವೆ. ಟ್ರೌಟ್ ವರ್ಷವಿಡೀ ಅದನ್ನು ತಿನ್ನುತ್ತದೆ. ಅದರ ಹಾಗೆ ಕಾಣುವ, ಉಗುರಿಗಿಂತ ಸಣ್ಣ ಎರಡು ಫ್ಲೈ, ಮೇಲೆ ಚೂರು ಸೀಸ, ಅದರ ಮೇಲೆ ಬಣ್ಣದ ಬೆಂಡು. ಬೆಂಡು ನೋಡೋದು ನಿಮಗೆ ಗೊತ್ತೇ ಇದೆ, ಇಲ್ಲಿ ನಿಮ್ಮ ಕಾಲುವೆಯ ಕಣ್ಣು ಕೆಲಸಕ್ಕೆ ಬರುತ್ತದೆ. ಒಂದೇ ವ್ಯತ್ಯಾಸ. ನಮ್ಮ ಮೀನು ಬೆಂಡನ್ನು ಎಳೆದು ಮುಳುಗಿಸುತ್ತದೆ. ಟ್ರೌಟ್ ಫ್ಲೈಯನ್ನು ಬಾಯಿಗಿಟ್ಟು, ರುಚಿ ಇಲ್ಲ ಅಂತ ಕ್ಷಣದಲ್ಲಿ ಉಗಿದುಬಿಡುತ್ತದೆ. ಬೆಂಡು ಒಂಚೂರು ತಡೆದ ಹಾಗೆ ಕಂಡರೂ ರಾಡ್ ಎತ್ತಬೇಕು. ಕಲ್ಲಿಗೆ ತಾಗಿರಬಹುದು ಅಂತ ಯೋಚಿಸುತ್ತ ಕೂತರೆ ಮೀನು ಹೋಗಿರುತ್ತದೆ.

ಇಂಥ ಕಟ್ಟನ್ನು ತಲೆ ಮೇಲೆ ನಾಲ್ಕು ಸಲ ಬೀಸಿದರೆ ಖಂಡಿತ ಗಂಟು. ಅದಕ್ಕೆ ಸುಲಭ ದಾರಿ ಇದೆ. ಫ್ಲೈ ದೋಣಿಯಿಂದ ಹೊಳೆ ಹೋಗುವ ದಿಕ್ಕಿಗೆ ತೇಲಿ ಹೋಗಲಿ, ಸೆಳವು ದಾರವನ್ನು ಬಿಗಿ ಮಾಡಲಿ. ನೀರೇ ಎಳೆದು ಹಿಡಿದಿರುವಾಗ ರಾಡ್ ಬಗ್ಗುತ್ತದೆ. ಆಗ ಒಂದೇ ಬೀಸಿನಲ್ಲಿ ಬೇಕಾದ ಕಡೆ ಹಾಕಿ. ಹಿಂದಕ್ಕೆ ಬೀಸೋದೇ ಬೇಡ. ಫ್ಲೈ ಬಿದ್ದ ಕೂಡಲೇ ಗೈಡ್ ಮೆಂಡ್ ಅಂತಾನೆ. ದಾರದ ನಡುಭಾಗ ಜೋರು ಸೆಳವಿನ ಮೇಲೆ ಬಿದ್ದಿದ್ದರೆ ಅದು ಬಿಲ್ಲಿನಂತೆ ಬಾಗಿ ಫ್ಲೈಯನ್ನು ಎಳೆಯುತ್ತದೆ. ರಾಡ್ ತುದಿಯಿಂದ ಆ ದಾರವನ್ನು ಎತ್ತಿ ಹೊಳೆ ಬರುವ ದಿಕ್ಕಿಗೆ ಹಾಕಬೇಕು, ಬೆಂಡು ಮಾತ್ರ ಕದಲಬಾರದು. ಇದನ್ನು ಸಾಣಾಪುರ ಕೆರೆಯ ನಿಂತ ನೀರಿನಲ್ಲಿ ಕಲಿಯಲಾಗದು. ಕೊಕ್ಕೆ ಇಲ್ಲದ ದಾರವನ್ನು ನಿಧಾನ ಹರಿಯುವ ಕಾಲುವೆಯಲ್ಲಿ ಬಿಟ್ಟು ಅಭ್ಯಾಸ ಮಾಡಿ. ಮುಖ್ಯ ಕಾಲುವೆಯ ಇಳಿಜಾರು ಕಾಂಕ್ರೀಟಿನ ಮೇಲೆ ಮಾತ್ರ ಇಳಿಯಬೇಡಿ, ಜಾರಿದರೆ ಹಿಡಿಯಲು ಏನೂ ಇರೋದಿಲ್ಲ. ಸಣ್ಣ ವಿತರಣಾ ಕಾಲುವೆ ಸಾಕು.

ಮೀನು ಹತ್ತಿದ ಮೇಲೆ ರಾಡ್ ಎತ್ತಿ ಹಿಡಿಯಿರಿ. ಓಡಿದರೆ ರೀಲ್ ಬಿಡಿ, ನಿಂತರೆ ಸುತ್ತಿ. ಉಳಿದದ್ದನ್ನು ಗೈಡ್ ಹೇಳುತ್ತಾನೆ. ಅಲ್ಲಿ 35ರಿಂದ 45 ಸೆಂಟಿಮೀಟರ್ ಮೀನುಗಳೇ ಜಾಸ್ತಿ. ಕೂದಲೆಳೆಯಂಥ ದಾರಕ್ಕೆ ಅಷ್ಟು ಗಾತ್ರ ಸಾಕಷ್ಟು ಕೆಲಸ ಕೊಡುತ್ತದೆ.

ಹಿಡಿದ ಮೀನನ್ನು ಬಿಟ್ಟುಬಿಡಬೇಕು. ನಮ್ಮ ಕಡೆಯವರಿಗೆ ಇದು ಒಪ್ಪೋದು ಕಷ್ಟ. ಹಿಡಿದದ್ದು ಸಾರಿಗೆ ಅಂತಲೇ ಬೆಳೆದವರು ನಾವು, ಅದರಲ್ಲಿ ತಪ್ಪೂ ಇಲ್ಲ. ಆದರೆ ಮೊಂಟಾನಾ 1974ರಿಂದ ತನ್ನ ಹೊಳೆಗಳಿಗೆ ಸಾಕಿದ ಟ್ರೌಟ್ ಬಿಡೋದನ್ನೇ ನಿಲ್ಲಿಸಿದೆ. ಹೊಳೆಯಲ್ಲೇ ಹುಟ್ಟಿ ಬೆಳೆದದ್ದಷ್ಟೇ ಅಲ್ಲಿರೋದು. ಕಾನೂನು ಕೆಲವು ಮೀನು ಒಯ್ಯಲು ಬಿಟ್ಟರೂ ಗೈಡ್‌ಗಳು ಸಾಮಾನ್ಯವಾಗಿ ಎಲ್ಲವನ್ನೂ ಬಿಡಿಸುತ್ತಾರೆ. ಬಿಡುವ ರೀತಿ ಸರಿ ಇರಲಿ. ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ಮೀನಿನ ಮೈಮೇಲಿನ ಲೋಳೆ ಕಿತ್ತುಬಿಡುತ್ತದೆ, ಸೋಂಕು ತಡೆಯೋದು ಆ ಲೋಳೆಯೇ. ಬಲೆ ನೀರಿನಲ್ಲೇ ಇರಲಿ. ಕಿವಿರಿಗೆ ಬೆರಳು ಹಾಕಬೇಡಿ, ಹೊಟ್ಟೆ ಹಿಂಡಬೇಡಿ. ಫೋಟೋ ತೆಗೆಯುವವನು ರೆಡಿ ಅಂದ ಮೇಲೆ ಒಂದೆರಡು ಸೆಕೆಂಡು ಮೇಲೆತ್ತಿ, ಮತ್ತೆ ನೀರಿಗೆ. ಆಮೇಲೆ ಅದರ ತಲೆಯನ್ನು ಸೆಳವಿಗೆ ಎದುರಾಗಿ ಹಿಡಿದುಕೊಳ್ಳಿ. ಕಿವಿರು ತೆರೆದು ಮುಚ್ಚೋದು ಕಾಣುತ್ತದೆ. ಬಾಲಕ್ಕೆ ಬಲ ಬಂದಾಗ ತಾನೇ ಕೈಯಿಂದ ಜಾರಿಕೊಳ್ಳುತ್ತದೆ. ಅಲ್ಲಿಯವರೆಗೆ ಬಿಡಬೇಡಿ.

ಖರ್ಚಿನ ವಿಚಾರ. ಒಂದು ದೋಣಿಗೆ ಪೂರ್ತಿ ದಿನಕ್ಕೆ ಸುಮಾರು 600ರಿಂದ 800 ಡಾಲರ್ ಹಿಡಿದುಕೊಳ್ಳಿ, ನಿಮಗೆ ಎರಡು ದೋಣಿ. ಗೈಡ್‌ಗೆ ಟಿಪ್ ಬೇರೆ, 15ರಿಂದ 20 ಪರ್ಸೆಂಟ್ ಅಲ್ಲಿನ ರೂಢಿ. ರಾಡ್, ಫ್ಲೈ, ಮಧ್ಯಾಹ್ನದ ಊಟ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ, ಬುಕ್ ಮಾಡುವಾಗಲೇ ಕೇಳಿ ಖಚಿತ ಮಾಡಿಕೊಳ್ಳಿ. ಮಾಂಸ ತಿನ್ನದವರಿದ್ದರೆ ಆಗಲೇ ಹೇಳಿ. ಲೈಸೆನ್ಸ್ ಮಾತ್ರ ನೀವೇ ತೆಗೆಸಬೇಕು, ಪ್ರತಿಯೊಬ್ಬರೂ. ಹೊರಗಿನವರಿಗೆ ಕನ್ಸರ್ವೇಶನ್ ಲೈಸೆನ್ಸ್, ಮೀನಿನ ಲೈಸೆನ್ಸ್, ಜೊತೆಗೆ ಹೊರಗಿನ ಜಲಜೀವಿಗಳನ್ನು ತಡೆಯುವ ಪಾಸ್, ಮೂರೂ ಬೇಕು. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತವೆ. ಹೊಳೆಯ ಈ ಭಾಗ ಕ್ರೋ ಬುಡಕಟ್ಟಿನ ಮೀಸಲು ಪ್ರದೇಶದೊಳಗಿದೆ. ಹೊಳೆಯ ತಳ ರಾಜ್ಯದ್ದು ಅಂತ 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಆದರೆ ದಂಡೆಯ ಮೇಲಿನ ನೆಲ ಅದರಲ್ಲಿ ಬರೋದಿಲ್ಲ. ಗೈಡ್ ಇಳಿಯಿರಿ ಅಂದ ಕಡೆ ಮಾತ್ರ ಇಳಿಯಿರಿ.

ಸೆಪ್ಟೆಂಬರ್ ಬೆಳಗ್ಗೆ ಅಲ್ಲಿ ನಡುಗಿಸುವಷ್ಟು ಚಳಿ ಇರುತ್ತದೆ, ಮಧ್ಯಾಹ್ನ ಅಂಗಿ ಸಾಕು ಅನಿಸುತ್ತದೆ. ಒಂದರ ಮೇಲೊಂದು ತೆಳು ಬಟ್ಟೆ, ಮಳೆ ಕೋಟು, ಟೋಪಿ. ಪೋಲರೈಸ್ಡ್ ಕನ್ನಡಕ ಬೇಕೇ ಬೇಕು. ನೀರಿನ ಹೊಳಪು ಕಳೆದು ಮೀನು ಕಾಣಿಸುತ್ತದೆ ಅನ್ನೋದು ಒಂದು, ಗೆಳೆಯನ ಕೊಕ್ಕೆಯಿಂದ ಕಣ್ಣು ಉಳಿಯುತ್ತದೆ ಅನ್ನೋದು ಅದಕ್ಕಿಂತ ದೊಡ್ಡದು. ತಲಾ ಒಂದು ಲೈಫ್ ಜಾಕೆಟ್ ದೋಣಿಯಲ್ಲಿ ಇರಲೇಬೇಕು ಅಂತ ಅಲ್ಲಿ ಕಾನೂನಿದೆ. ಈಜು ಬಾರದವರು ಅದನ್ನು ಹಾಕಿಕೊಂಡೇ ಕೂತುಕೊಳ್ಳಿ. ಈಜು ಬಂದರೂ ನಾನು ಹಾಕಿಕೊಳ್ಳಿ ಅಂತೀನಿ, ಅಷ್ಟು ತಣ್ಣನೆ ನೀರಿಗೆ ನಮ್ಮ ಮೈ ಒಗ್ಗಿಲ್ಲ.

ಅಮೆರಿಕ ಕೈಗೂಡದೇ ಹೋದರೆ ಹಿಮಾಚಲದ ತೀರ್ಥನ್ ಕಣಿವೆ, ಕಾಶ್ಮೀರದ ಲಿದ್ದರ್ ಇವೆ. ಅವು ಕಲ್ಲುಗಳ ನಡುವೆ ಧುಮ್ಮಿಕ್ಕುವ ಸಣ್ಣ ಹೊಳೆಗಳು, ನಡೆದುಕೊಂಡು ಹಿಡಿಯಬೇಕು, ದೋಣಿಯ ಮಾತಿಲ್ಲ. ಹಿಮಾಚಲದಲ್ಲಿ ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆ ಇಡುವ ಕಾಲ, ಹಿಡಿಯುವಂತಿಲ್ಲ. ಮೀನುಗಾರಿಕೆ ಇಲಾಖೆಯ ಪರ್ಮಿಟ್ ಬೇಕು.

ಇನ್ನು ನಮ್ಮ ತುಂಗಭದ್ರೆ. ಟ್ರೌಟ್ ಇಲ್ಲದಿದ್ದರೂ ಫ್ಲೈ ರಾಡ್‌ಗೆ ಇಲ್ಲಿ ಕೆಲಸ ಇದೆ. ಜಿಲೇಬಿ ಮೀನು ಸಣ್ಣ ನಿಂಫ್‌ಗೆ ಬರುತ್ತದೆ. ಕೊರವ ಮೀನು ಕಪ್ಪೆಯ ಹಾಗೆ ಮೇಲೆ ತೇಲುವ ಫ್ಲೈಗೆ ಎಗರಿ ಬೀಳುತ್ತದೆ. ಇದಕ್ಕೆ ಹೊಳೆಗಿಂತ ಕೆರೆ ವಾಸಿ. ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆದಾರರನ್ನು ಕೇಳಿಯೇ ಕೂತುಕೊಳ್ಳಿ.

ಹೊಳೆಯಲ್ಲಿ ಎರಡು ವಿಷಯ ನೆನಪಿರಲಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿ ಮೋಜಿಗೆ ಗಾಳ ಹಾಕಬೇಡಿ. ನೀರುನಾಯಿಗೆ ಮೀನೇ ಊಟ. ಬಂಡೆಗಳ ನಡುವೆ ಸಿಕ್ಕಿಕೊಂಡ ನೈಲಾನ್ ದಾರ ಅದರ ಕಾಲಿಗೆ, ಕುತ್ತಿಗೆಗೆ ಸುತ್ತಿದರೆ ಬಿಡಿಸುವವರಿಲ್ಲ. ಎರಡನೆಯದು, ನಮ್ಮ ಹೊಳೆಯಲ್ಲಿ ಮೊಸಳೆ ಇದೆ. ರಾಯಚೂರು ಕಡೆ ಕೃಷ್ಣೆಯಲ್ಲೂ ಇದೆ. ವಿದೇಶದ ವಿಡಿಯೋ ನೋಡಿ ಸೊಂಟದವರೆಗೆ ನೀರಿಗಿಳಿದು ನಿಲ್ಲುವ ಆಸೆ ಇಲ್ಲಿ ಬೇಡವೇ ಬೇಡ.

ಹರಿಗೋಲಿನ ವಿಚಾರ ನನಗೂ ಇಷ್ಟವಾದದ್ದು. ವಿಜಯನಗರದ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಬುಟ್ಟಿಯ ಹಾಗೆ ದುಂಡಗಿರುವ, ಬೆತ್ತದಿಂದ ಹೆಣೆದು ಮೇಲೆ ಚರ್ಮ ಹೊದಿಸಿದ ಈ ದೋಣಿಗಳಲ್ಲಿ ಜನ ಹೊಳೆ ದಾಟೋದನ್ನು ಬರೆದಿದ್ದಾನೆ. ಆದರೆ ಹರಿಗೋಲಿಗೆ ಮುಂದೆ ಹಿಂದೆ ಅನ್ನೋದಿಲ್ಲ, ಸೆಳವಿನಲ್ಲಿ ತಿರುಗುತ್ತದೆ. ನಿಂತು ರಾಡ್ ಬೀಸಿದರೆ ವಾಲುತ್ತದೆ. ಕೂತು, ಒಬ್ಬನೇ ಬೀಸುತ್ತ, ನುರಿತ ಅಂಬಿಗ ಜೊತೆಗಿದ್ದರೆ ನಿಂತ ನೀರಿನಲ್ಲಿ ಚೆನ್ನಾಗಿ ಆಗುತ್ತದೆ. ಡ್ಯಾಮಿನಿಂದ ನೀರು ಬಿಟ್ಟ ದಿನಗಳಲ್ಲಿ ಮಾತ್ರ ಯಾರು ಎಷ್ಟೇ ಧೈರ್ಯ ಹೇಳಿದರೂ ಹತ್ತಬೇಡಿ.

ಡೆನ್ವರ್ ಗೆಳೆಯನಿಗೆ ಇವತ್ತೇ ಹೇಳಿ: ಎರಡು ದೋಣಿ, ನಾವು ಹೊಸಬರು, ನಿಂಫ್‌ನಿಂದ ಶುರು ಮಾಡಿಸಿ ಅಂತ ಬುಕ್ ಮಾಡುವಾಗಲೇ ಬರೆದು ತಿಳಿಸಲಿ. ಹೊಳೆಯಲ್ಲಿ ಗದ್ದಲ ಕಡಿಮೆ ಇರಬೇಕಾದರೆ ವಾರದ ನಡುವಿನ ದಿನ ಕೇಳಲಿ, ಶನಿವಾರ ಭಾನುವಾರ ದೋಣಿಗಳು ಜಾಸ್ತಿ. ವೀಸಾ ಕೈಗೆ ಬರುವವರೆಗೆ ಮುಂಗಡ ಕಟ್ಟಬೇಡಿ, ಕಟ್ಟಲೇಬೇಕಾದರೆ ರದ್ದಾದಾಗ ಎಷ್ಟು ವಾಪಸ್ ಅಂತ ಕೇಳಿಕೊಂಡು ಕಟ್ಟಿ.